ತೆಗೆದುಕೊಳ್ಳದ ಕಾಗದ

ಸಿಂಚನಾ, ಹೋದ ತಿಂಗಳು ನೀನು ಕಾಲೇಜಿನ ಪ್ರಾಜೆಕ್ಟಿಗೆ ರಟ್ಟು ಹಾಕಿಸಿಕೊಂಡು ಬಂದೆಯಲ್ಲ, ಅದನ್ನು ನನ್ನ ಕೈಗೆ ಕೊಟ್ಟು "ನೋಡಜ್ಜಿ, ನನ್ನ ಹೆಸರು ಬಂಗಾರದ ಬಣ್ಣದಲ್ಲಿ" ಎಂದೆ. ನಾನು ಹೆಸರು ನೋಡಲಿಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದೆ. ಅಂಟು ಇನ್ನೂ ಪೂರ್ತಿ ಆರಿರಲಿಲ್ಲ. ಕುದಿಸಿದ ಮೈದಾಹಿಟ್ಟು, ಹುಳ ಬೀಳದಿರಲಿ ಎಂದು ಅದಕ್ಕೆ ಹಾಕುವ ಮೈಲುತುತ್ತ, ಒದ್ದೆ ರಟ್ಟು, ಮೂರೂ ಸೇರಿದ ವಾಸನೆ. "ಅಜ್ಜಿ ಪುಸ್ತಕ ಮೂಸ್ತಾವ್ರೆ" ಎಂದು ನಿನ್ನ ತಮ್ಮ ಮನು ನಕ್ಕ. ನಾನೂ ನಕ್ಕು ಅಡುಗೆಮನೆಗೆ ಹೋದೆ.

ಆ ವಾಸನೆಯ ನಡುವೆ ನಾನು ಒಂದು ವರ್ಷ ಕೂತಿದ್ದೆ. ಲಷ್ಕರ್ ಮೊಹಲ್ಲಾದ ಒಂದು ಹಳೇ ಕಟ್ಟಡ. ಕೆಳಗೆ ಬೈಂಡಿಂಗ್ ಅಂಗಡಿ, ಮೇಲೆ ಲಾಯರ್ ಪುಟ್ಟಮಾದಯ್ಯನವರ ಆಫೀಸು. ಕೆಳಗೆ ದುಡಿದದ್ದನ್ನು ಮೇಲೆ ಹೋಗಿ ಕೊಟ್ಟು ಬರುತ್ತಿದ್ದೆ. ಆ ಲಾಯರ ಮಾತು ಬಂದಾಗಲೆಲ್ಲ ನಿಮ್ಮಪ್ಪ ಏನು ಹೇಳುತ್ತಾನೆಂದು ನಿಮಗೆ ಗೊತ್ತು. "ನಮ್ಮಪ್ಪನ ಕೆಲಸಾನೂ ತಿಂದ, ದುಡ್ಡೂ ತಿಂದ" ಎನ್ನುತ್ತಾನೆ. ನಾನು ಅಲ್ಲೇ ಇರುತ್ತೇನೆ, ಒಗ್ಗರಣೆ ಹಾಕುತ್ತಲೋ ಅಕ್ಕಿ ಆರಿಸುತ್ತಲೋ. ಒಂದು ಮಾತು ಆಡುವುದಿಲ್ಲ. ನಿಮ್ಮಪ್ಪ ಹೇಳುವುದು ನಿಜವಲ್ಲ. ನಿಜ ಏನೆಂದು ತಿಳಿದಿದ್ದ ಮೂವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.

ನಾನು ಇಲವಾಲದ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಅಕ್ಷರ ದುಂಡಗಿತ್ತು. ಬಾಯಿ ಮಾತ್ರ ಇರಲಿಲ್ಲ. ಮೇಷ್ಟ್ರು ಹಾಜರಿ ಕೂಗುವಾಗ "ಜಯಮ್ಮ" ಎಂದರೆ ಪಕ್ಕದ ಹುಡುಗಿ ನನ್ನ ಬದಲು ಕೈ ಎತ್ತುತ್ತಿದ್ದಳು. ಮದುವೆಯಾಗಿ ಹೂಟಗಳ್ಳಿಗೆ ಬಂದ ಮೇಲೂ ಹಾಗೇ. ಅಂಗಡಿಗೆ ಹೋದರೆ ಚೀಟಿ ಕೊಟ್ಟು ನಿಲ್ಲುತ್ತಿದ್ದೆ. ಬರೆಯುವುದಾದರೆ ನನಗೆ ಕಷ್ಟವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಕೆಂಪರಾಜು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಿಷನ್ನಿನ ಆಪರೇಟರಾಗಿದ್ದರು. ಹತ್ತೊಂಬತ್ತು ವರ್ಷ ಅದೇ ಮಿಷನ್ನಿನ ಮುಂದೆ ನಿಂತವರು. ಅದಕ್ಕೆ ನೆಗಡಿಯಾದರೂ ತಮಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಒಂದು ದಿನ ಪಕ್ಕದ ಮಿಷನ್ನಿನಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದ ಸಾವಿತ್ರಿ ಎಂಬ ಹೆಂಗಸಿನ ಎರಡು ಬೆರಳು ಹೋದವು. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿಯನ್ನು ಕೆಲಸ ಬೇಗ ಸಾಗಲಿ ಎಂದು ಮೊದಲೇ ಬಿಚ್ಚಿಸಿದ್ದರಂತೆ. ವಿಚಾರಿಸಲು ಬಂದ ಇನ್ಸ್‌ಪೆಕ್ಟರು ಕೇಳಿದಾಗ ಎಲ್ಲರೂ ನೆಲ ನೋಡಿದರು. ನಿಮ್ಮ ತಾತ "ಜಾಲರಿ ಇರಲಿಲ್ಲ ಸಾರ್" ಎಂದರು. ಅಷ್ಟೇ ಅಂದದ್ದು.

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ಗೇಟಿನಲ್ಲಿ ತಡೆದರು. "ನಿಮ್ಮನ್ನ ಒಳಗೆ ಬುಡ್ಬೇಡಿ ಅಂದವ್ರೆ ಕೆಂಪಣ್ಣ. ಹೇಳಿ ಕಳಿಸ್ತಾರಂತೆ" ಎಂದು ಸೆಕ್ಯುರಿಟಿಯವನು ಮುಖ ತಿರುಗಿಸಿಕೊಂಡು ಹೇಳಿದನಂತೆ. ಮಾರನೆಯ ದಿನವೂ ಹೋದರು. ಅದರ ಮಾರನೆಯ ದಿನವೂ ಹೋದರು. ಹನ್ನೆರಡು ದಿನ ಶಿಫ್ಟಿನ ಹೊತ್ತಿಗೆ ಸರಿಯಾಗಿ ಊಟದ ಡಬ್ಬಿ ಹಿಡಿದು ಗೇಟಿನ ಎದುರು ನಿಂತು ಬಂದರು. ಡಬ್ಬಿ ಹೇಗೆ ಹೋಗುತ್ತಿತ್ತೋ ಹಾಗೇ ಬರುತ್ತಿತ್ತು. "ಅಲ್ಲೇ ಎಲ್ಲಾದ್ರೂ ಕೂತು ತಿನ್ಬಾರ್ದಾ?" ಎಂದರೆ, "ಕೆಲಸ ಮಾಡ್ದೆ ಹೆಂಗೆ ತಿನ್ನೋದು?" ಎನ್ನುತ್ತಿದ್ದರು.

ಆಗಲೇ ಊರಿನಿಂದ ಸುದ್ದಿ ಬಂತು, ನಮ್ಮತ್ತೆಗೆ ಉಸಿರಾಟ ಕಷ್ಟವಾಗಿದೆ ಎಂದು. ತಾತ ಬಟ್ಟೆ ಚೀಲ ಹಿಡಿದು ಹೊರಟರು. ನಿಮ್ಮಪ್ಪನಿಗೆ ಪಾಲಿಟೆಕ್ನಿಕ್ಕಿನ ಪರೀಕ್ಷೆ, ಅದಕ್ಕೆ ನಾನು ಮನೆಯಲ್ಲೇ ಉಳಿದೆ. ಹೊಸ್ತಿಲು ದಾಟಿದವರು ಮತ್ತೆ ಒಳಗೆ ಬಂದು ಹೇಳಿದರು:

"ಫ್ಯಾಕ್ಟರಿಯೋರು ಏನೇ ಕಳಿಸಿದ್ರೂ ಈಸ್ಕೋಬೇಡ. ಯಾವುದಕ್ಕೂ ಸೈನ್ ಹಾಕ್ಬೇಡ. ನಮ್ಮ ಶಿಫ್ಟಿನ ನಿಂಗರಾಜ ಹಂಗೇ ಒಂದು ಕವರ್ ಈಸ್ಕೊಂಡು ಸೈನ್ ಹಾಕ್ಬುಟ್ಟ. ಅವನೇ ರಾಜೀನಾಮೆ ಕೊಟ್ಟಂಗೆ ಬರ್ಕೊಂಡಿದ್ರು. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದೆ.

ಅದು ಆಷಾಢ. ಮಳೆ ಅನ್ನುವಷ್ಟು ಮಳೆಯಿಲ್ಲ, ಗಾಳಿಗೆ ಅಡ್ಡಡ್ಡ ಹಾರುವ ತುಂತುರು. ಪೋಸ್ಟ್‌ಮ್ಯಾನ್ ಸೈಕಲ್ಲನ್ನು ಗೋಡೆಗೆ ಒರಗಿಸಿ, "ಕೆಂಪರಾಜು ಅವ್ರ ಮನೆ ಇದೇನಾ? ರಿಜಿಸ್ಟರ್ ಪೋಸ್ಟ್ ಐತೆ" ಎಂದು ಕೂಗಿದ. ನಾನು ಬಾಗಿಲ ಹಿಂದೆ ನಿಂತು "ಮನೇಲಿ ಯಾರೂ ಇಲ್ಲ" ಎಂದೆ. ನಮ್ಮ ಕಡೆ ಗಂಡಸರು ಮನೆಯಲ್ಲಿ ಇಲ್ಲದಾಗ ಹೆಂಗಸರು ಹೇಳುವುದು ಹಾಗೇ.

"ನೀವಿದ್ದೀರಲ್ಲಮ್ಮ!"

"ನಮ್ಮೋರು ಇಲ್ಲ. ಊರಿಗೆ ಹೋಗವ್ರೆ."

ಎರಡನೆಯ ದಿನವೂ ಬಂದ. ಅದೇ ಮಾತು ಹೇಳಿದೆ. ಮೂರನೆಯ ದಿನ ಅವನ ಅಂಗಿ ಪೂರ್ತಿ ನೆನೆದಿತ್ತು, ಸಿಟ್ಟೂ ಬಂದಿತ್ತು. "ಇವತ್ತೂ ತಗೊಳ್ಳಿಲ್ಲ ಅಂದ್ರೆ ವಾಪಸ್ ಅಂತ ಬರ್ದು ಕಳಿಸ್ತೀನಿ ಕಣಮ್ಮ, ಆಮೇಲೆ ನನ್ನ ಕೇಳ್ಬೇಡಿ" ಎಂದು ಕವರನ್ನು ಮುಂದೆ ಹಿಡಿದ. ಬಾಗಿಲು ಸ್ವಲ್ಪ ತೆಗೆದು ನೋಡಿದೆ. ಮೂಲೆಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿತ್ತು. ಈ ಸಲ ಬಾಗಿಲಿನಿಂದ ಆಚೆ ಬಂದು, ಅವನ ಮುಖ ನೋಡಿಯೇ ಹೇಳಿದೆ: "ಬೇಡ. ತಗೊಂಡೋಗಿ."

ಅವನು ಸೈಕಲ್ ಸೀಟಿನ ಮೇಲೆ ಕವರಿಟ್ಟು ಏನೋ ಬರೆದುಕೊಂಡು ಹೋದ. ಪರಗಂಡಸಿನ ಎದುರು ನಿಂತು ಬೇಡ ಎಂದು ಹೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಒಳಗೆ ಬಂದು ನೀರು ಕುಡಿದೆ. ನಿಮ್ಮ ತಾತ ಬಂದ ಮೇಲೆ ಹೇಳಿದರೆ ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡೆ.

ಹೇಳಲು ಆಗಲಿಲ್ಲ. ಮಾರನೆಯ ಬೆಳಿಗ್ಗೆ ಅತ್ತೆ ತೀರಿಕೊಂಡರು. ನಾನೂ ನಿಮ್ಮಪ್ಪ ರವಿಯೂ ಓಡಿದೆವು. ಮಣ್ಣು, ತಿಥಿ ಎಲ್ಲ ಮುಗಿಸಿ ತಾತ ತಲೆ ಬೋಳಿಸಿಕೊಂಡು ಮೈಸೂರಿಗೆ ಬಂದಾಗ ಆ ಕವರಿನ ಮಾತು ನನ್ನ ಮನಸ್ಸಿನಿಂದಲೇ ಹೋಗಿತ್ತು. ತಾತ ನೇರವಾಗಿ ಗೇಟಿಗೆ ಹೋದರು. ಸೆಕ್ಯುರಿಟಿಯವನು "ನಿಮ್ಮ ಹೆಸರೇ ಇಲ್ಲ ಲಿಸ್ಟಲ್ಲಿ" ಎಂದನಂತೆ.

ಲಾಯರ್ ಹುಡುಕುವುದು ಹೇಗೆಂದು ನಮಗೆ ಗೊತ್ತಿರಲಿಲ್ಲ. ಊರಿನ ಜಮೀನು ಭಾಗವಾದಾಗ ಪತ್ರ ಮಾಡಿಕೊಟ್ಟ ಒಬ್ಬ ವಕೀಲರು ಗೊತ್ತಿದ್ದರು, ಅವರಲ್ಲಿಗೇ ಹೋದೆವು. ಅವರು ಎಲ್ಲ ಕೇಳಿ ನಕ್ಕರು. "ಕೆಂಪರಾಜು, ಹಲ್ಲುನೋವು ಅಂತ ಕಣ್ಣಿನ ಡಾಕ್ಟರ್ ಹತ್ರ ಬಂದಿದ್ದೀಯಲ್ಲಯ್ಯ! ಇದು ಲೇಬರ್ ಕೇಸು. ನನಗೆ ಸರ್ವೆ ನಂಬರ್ ಬಿಟ್ರೆ ಬೇರೆ ನಂಬರ್ ಗೊತ್ತಿಲ್ಲ." ಇನ್ನೊಬ್ಬರ ಆಫೀಸಿನಲ್ಲಿ ತಂಪು ಗಾಳಿಯ ಮಿಷನ್ನಿತ್ತು. ಅವರು ಮೊದಲು ಕೇಳಿದ ಮೊತ್ತ ನಮ್ಮ ಮನೆಯ ಒಂದು ವರ್ಷದ ಬಾಡಿಗೆಗಿಂತ ಹೆಚ್ಚು. ತಾತ ಕೈಮುಗಿದು ಎದ್ದರು. ಹೊರಗೆ ಬಂದು "ಚಳಿ ಆಯ್ತು ಕಣೆ ಒಳಗೆ" ಎಂದರು. ನಗಿಸಲು ಹೇಳಿದ್ದೋ ಏನೋ.

ಕೊನೆಗೆ ದಾರಿ ತೋರಿಸಿದವಳು ಬೆರಳು ಕಳೆದುಕೊಂಡ ಸಾವಿತ್ರಿಯೇ. ಒಂದು ಸಂಜೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಮನೆಗೆ ಬಂದಳು. "ಅಣ್ಣಾ, ನನ್ನಿಂದ ನಿಂಗೆ ಹಿಂಗಾಯ್ತು. ನನ್ನ ಪರಿಹಾರದ ಕೇಸು ನಡೆಸ್ತಿರೋ ಲಾಯರು ಲಷ್ಕರ್ ಮೊಹಲ್ಲಾದಲ್ಲವ್ರೆ. ದುಡ್ಡಿಗೆ ಪೀಡಿಸೋರಲ್ಲ. ಹೋಗಿ ನೋಡು" ಎಂದಳು.

ಮರದ ಮೆಟ್ಟಿಲು, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದು. ಮೇಲೆ ಒಂದೇ ಕೋಣೆ. ಗೋಡೆಗೆ ಬುದ್ಧನ ಪಟ, ಮೇಜಿನ ತುಂಬ ದಾರ ಕಟ್ಟಿದ ಫೈಲುಗಳು. ಪುಟ್ಟಮಾದಯ್ಯನವರಿಗೆ ಆಗಲೇ ಅರವತ್ತಾಗಿರಬೇಕು. "ಕೂತ್ಕೊಳ್ಳಿ ತಾಯಿ" ಎಂದರು. ನಾನು ಬಾಗಿಲ ಹತ್ತಿರವೇ ನಿಂತೆ. ಅವರೂ ಎದ್ದು ನಿಂತರು. "ನೀವು ಕೂರೋವರೆಗೂ ನಾನೂ ನಿಂತೇ ಮಾತಾಡ್ತೀನಿ" ಎಂದಾಗ ಬೇರೆ ದಾರಿಯಿಲ್ಲದೆ ಕುರ್ಚಿಯ ಅಂಚಿಗೆ ಕೂತೆ.

ತಾತ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಫ್ಯಾಕ್ಟರಿಯಿಂದ ಏನಾದ್ರೂ ಕಾಗದ ಬಂದಿತ್ತಾ? ನೋಟೀಸು, ರಿಜಿಸ್ಟರ್ ಪೋಸ್ಟು? ಯೋಚನೆ ಮಾಡಿ ಹೇಳಿ."

"ಒಂದು ಚೂರು ಕಾಗದಾನೂ ಬಂದಿಲ್ಲ ಸಾರ್."

"ಮನೇಲಿ ಬೇರೆ ಯಾರಾದ್ರೂ ತಗೊಂಡಿದ್ದಾರಾ?" ಎಂದು ನನ್ನ ಕಡೆ ನೋಡಿದರು.

ನಾನು ತಲೆ ಅಲ್ಲಾಡಿಸಿದೆ, ಇಲ್ಲವೆಂದು. ಮಕ್ಕಳೇ, ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನಿಸಲಿಲ್ಲ. ಆ ಕವರು ನೆನಪಾಯಿತು, ಆದರೆ ತೆಗೆದುಕೊಂಡಿದ್ದಾರಾ ಎಂದು ಕೇಳಿದರು, ನಾನು ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳದ ಕಾಗದ ಬಾರದ ಕಾಗದವೇ ಎಂದು ನಾನು ನಂಬಿದ್ದೆ. ಊರಿನಲ್ಲಿ ಹೆಣ್ಣು ಕೇಳಲು ತಂದ ಎಲೆ ಅಡಿಕೆಯನ್ನು ಮುಟ್ಟದೆ ಕಳಿಸಿದರೆ ಆ ಸಂಬಂಧ ಅಲ್ಲಿಗೇ ನಿಂತಿತು. ಸರ್ಕಾರದ ಅಂಚೆಯಲ್ಲಿ ಹಾಗಲ್ಲವೆಂದು ನನಗೆ ಯಾರು ಹೇಳಿಕೊಟ್ಟಿದ್ದರು? ಕಾಗದ ಬಂದೇ ಇಲ್ಲ, ಬಾಯಿಮಾತಿನಲ್ಲೇ ಕೆಲಸದಿಂದ ತೆಗೆದಿದ್ದಾರೆ ಎಂದೇ ಅರ್ಜಿ ತಯಾರಾಯಿತು.

ಟೈಪಿಂಗಿನ ಖರ್ಚನ್ನು ತಾತ ಅಂದೇ ಕೊಟ್ಟರು. "ನನ್ನ ಫೀಸನ್ನ ಕೇಸು ಕರೆದ ದಿನ ಕೊಡಿ, ದಿನಕ್ಕೆ ಐನೂರು" ಎಂದರು ಲಾಯರು. ಅದೂ ನಮಗೆ ಹೆಚ್ಚೇ. ತಾತ ಗೋಡೌನಿನಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ್ದರು. ಅದು ಬಾಡಿಗೆಗೂ ರವಿಯ ಓದಿಗೂ ಸಾಲುತ್ತಿರಲಿಲ್ಲ. ನಾನು ಮೆಟ್ಟಿಲ ಕೆಳಗೆ ತಾತನಿಗಾಗಿ ಕಾಯುತ್ತಾ ನಿಂತಿದ್ದಾಗ ಬೈಂಡಿಂಗ್ ಅಂಗಡಿಯೊಳಗಿಂದ ಒಂದು ದನಿ ಬಂತು.

"ಏನಮ್ಮಾ, ಎಷ್ಟು ದಿನ ಕಂಬದ ಥರ ನಿಲ್ತೀಯಾ? ಕೈ ಖಾಲಿ ಇದೆ ಅಲ್ವಾ? ಬಾ, ಕಾಗದ ಮಡಚು."

ಅವರೇ ನೂರ್ ಬೀ. ಅಂಗಡಿಯ ಯಜಮಾನರ ಅಕ್ಕ. ಕಾಗದ ಮಡಚುವ ನಾಲ್ಕು ಹೆಂಗಸರ ಮೇಲೆ ಅವರದೇ ದರ್ಬಾರು. ಅಚ್ಚಾದ ದೊಡ್ಡ ಹಾಳೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಬೇಕು. ಪುಟದ ಅಂಕಿ ಒಂದರ ಮೇಲೊಂದು ಕೂರಬೇಕು. ಮಡಚಿದ ಅಂಚನ್ನು ಬಿದಿರಿನ ಪಟ್ಟಿಯಿಂದ ತಿಕ್ಕಬೇಕು. ಮೊದಲ ದಿನ ನನ್ನದೆಲ್ಲ ಸೊಟ್ಟ. ನೂರ್ ಬೀ ಒಂದನ್ನು ಎತ್ತಿ ಹಿಡಿದು, "ಇದು ಪುಸ್ತಕಾನಾ ಸಮೋಸಾನಾ?" ಎಂದರು. ಎಲ್ಲರೂ ನಕ್ಕರು. ಒಂದು ವಾರದಲ್ಲಿ ನನ್ನ ಕೈ ಓಡತೊಡಗಿತು. ಆಗ ಅವರಿಗೆ ಬೇರೆ ಚಿಂತೆ. "ಅಯ್ಯೋ ಜಯಮ್ಮಾ, ಬಾಯಿ ಬಿಟ್ರೆ ಹಲ್ಲು ಉದುರ್ತವಾ ನಿಂಗೆ? ಒಂದು ಮಾತಾಡೇ!"

ಆ ವರ್ಷ ನನಗೆ ಕಾಗದದ ಲೆಕ್ಕದಲ್ಲೇ ನೆನಪಿದೆ. ದಸರಾ ಬಂದಾಗ ಕೋರ್ಟಿಗೆ ರಜೆ, ಊರಿಗೆಲ್ಲ ದೀಪ. ನಾವು ದೀಪಾವಳಿಗೆ ಅಂಗಡಿಯವರು ಕೊಳ್ಳುವ ಲೆಕ್ಕದ ಪುಸ್ತಕ ಮಡಚುತ್ತಿದ್ದೆವು. ಚಳಿಗಾಲದಲ್ಲಿ ಡೈರಿಗಳು. ಶಿವರಾತ್ರಿಯ ಹೊತ್ತಿಗೆ ಪರೀಕ್ಷೆಯ ಗೈಡುಗಳು. ಕೋರ್ಟಿನ ದಿನ ತಾತ ಮದುವೆಗೆ ಹೋಗುವವರಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. ಅಂದು ಸಂಜೆ ನಾನು ಮೇಲೆ ಹೋಗಿ ಮೇಜಿನ ಮೇಲೆ ಹಣ ಇಡುತ್ತಿದ್ದೆ. ಕೇಸು ಮುಂದಕ್ಕೆ ಹೋಗಿದ್ದರೆ ಪುಟ್ಟಮಾದಯ್ಯನವರು ಅದನ್ನು ಮುಟ್ಟುತ್ತಿರಲಿಲ್ಲ. "ಇವತ್ತು ನಾನೇನೂ ಮಾಡ್ಲಿಲ್ವಲ್ಲಮ್ಮಾ, ತಗೊಂಡೋಗಿ" ಎನ್ನುತ್ತಿದ್ದರು. ನಿಮ್ಮಪ್ಪ ದುಡ್ಡು ತಿಂದ ಎನ್ನುವಾಗ ನನಗೆ ಆ ಮೇಜು ಕಾಣುತ್ತದೆ.

ಯುಗಾದಿ ಕಳೆದ ಮೇಲೆ ಕಾರ್ಖಾನೆಯ ಕಡೆಯವರು ಸಾಕ್ಷಿ ಹೇಳಿದರು. ಆ ದಿನ ತಾತನೂ ಲಾಯರೂ ಬಿಸಿಲಿನಲ್ಲಿ ಬಂದು ಮಾತಿಲ್ಲದೆ ಮೆಟ್ಟಿಲು ಹತ್ತಿದ್ದನ್ನು ಕೆಳಗಿನಿಂದ ನೋಡಿದೆ. ನೂರ್ ಬೀ "ಹೋಗು" ಎಂದು ಕಣ್ಣಿನಲ್ಲೇ ಹೇಳಿದರು.

ಮೇಜಿನ ಮೇಲೆ ಒಂದು ಜೆರಾಕ್ಸ್ ಇತ್ತು. ಆ ಕವರಿನದೇ. ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದ ಕವರನ್ನು ಜಡ್ಜರ ಮುಂದೆ ಕತ್ತರಿಸಿದರಂತೆ. ಒಳಗೆ ಒಂದೇ ಹಾಳೆ. "ಈ ಪತ್ರ ತಲುಪಿದ ಏಳು ದಿನಗಳೊಳಗೆ ಕೆಲಸಕ್ಕೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ತಾವೇ ಕೆಲಸ ಬಿಟ್ಟಿದ್ದೀರೆಂದು ಭಾವಿಸಲಾಗುವುದು." ಕವರಿನ ಮೇಲೆ ಪೋಸ್ಟ್‌ಮ್ಯಾನಿನ ಕೈಬರಹ, ತೆಗೆದುಕೊಳ್ಳಲು ನಿರಾಕರಿಸಿದ್ದಾರೆ ಎಂದು.

ಕೆಲಸಕ್ಕೆ ಬಾ ಎಂದು ಕರೆದಿದ್ದರು. ನಾನು ನನ್ನ ಕೈಯಾರೆ ಹಿಂದಕ್ಕೆ ಕಳಿಸಿದ್ದೆ.

"ಎಲ್ಲಾ ಸುಳ್ಳು ಸಾರ್" ಎಂದರು ತಾತ. "ಪೋಸ್ಟ್‌ಮ್ಯಾನ್‌ಗೆ ದುಡ್ಡು ಕೊಟ್ಟು ಬರೆಸವ್ರೆ. ನಾನು ಕಟಕಟೇಲಿ ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ್ದೀನಿ, ಬಂದಿಲ್ಲ ಅಂತ. ನಾನ್ಯಾಕೆ ಸುಳ್ಳು ಹೇಳ್ಲಿ?" ಅವರು ಗೋಡೌನಿಗೆ ಹೊರಟು ಹೋದರು. ನಾನು ಹೋಗಲಿಲ್ಲ. ಲಾಯರು ತಲೆ ಎತ್ತಿದರು. ಆಗ ಹೇಳಿದೆ, ಪೋಸ್ಟ್‌ಮ್ಯಾನ್ ಮೂರು ಸಲ ಬಂದದ್ದು, ನಾನು ಬೇಡ ಎಂದದ್ದು.

ಅವರು ಬಹಳ ಹೊತ್ತು ಫೈಲಿನ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಯಜಮಾನರಿಗೆ ಹೇಳಿದ್ದೀರಾ?"

"ಇಲ್ಲ."

"ಮೊದಲು ಅವರಿಗೆ ಹೇಳಿ. ಆಮೇಲೆ ನೀವೇ ಬಂದು ಕೋರ್ಟಲ್ಲಿ ಹೇಳ್ಬೇಕಾಗುತ್ತೆ. ಅವರು ಊರಲ್ಲಿರಲಿಲ್ಲ, ಅವರಿಗೆ ಗೊತ್ತಿಲ್ಲ, ಭಯಪಟ್ಟು ನಾನೇ ವಾಪಸ್ ಕಳಿಸಿದೆ ಅಂತ. ಗೊತ್ತಿಲ್ಲದ ಕಾಗದಕ್ಕೆ ಮನುಷ್ಯನ್ನ ಶಿಕ್ಷಿಸಬೇಡಿ ಅಂತ ನಾನು ಕೇಳ್ಬಹುದು. ಇನ್ನೇನಾದ್ರೂ ಇದೆಯಾ ತಾಯಿ, ನನಗೆ ಹೇಳದೇ ಇರೋದು?"

"ಇಲ್ಲ" ಎಂದೆ. ಮೊದಲ ಸಲ ಇಲ್ಲ ಎಂದಾಗ ನನಗೆ ತಿಳಿದಿರಲಿಲ್ಲ. ಈ ಸಲ ತಿಳಿದೇ ಹೇಳಿದೆ. ಈಸ್ಕೋಬೇಡ ಎಂದ ಗಂಡನ ಮಾತನ್ನು ಇನ್ನೊಬ್ಬರ ಮುಂದೆ ಹೇಗೆ ಹಾಕಲಿ?

ಅಂದು ಸಂಜೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ತಾತನಿಗೆ ಎಲ್ಲ ಹೇಳಿದೆ. ಎರಡು ಬಸ್ಸು ಬಂದು ಹೋದವು. ಬೈಯಲಿ, ಎಲ್ಲರೆದುರು ಹೊಡೆಯಲಿ ಎಂದು ಕಾದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ನಾನೇ ತಾನೆ ಹೇಳಿದ್ದು, ಈಸ್ಕೋಬೇಡ ಅಂತ" ಎಂದರು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಹೇಳಿದರು, "ಅದನ್ನೊಂದು ಲಾಯರಿಗೆ ಹೇಳ್ಬೇಡ ಕಣೆ. ಹೆಂಗಸು, ಹೆದರ್ಕೊಂಡ್ಳು ಅಂದ್ರೆ ನಂಬ್ತಾರೆ. ನಾನೇ ಹೇಳ್ಕೊಟ್ಟೆ ಅಂದ್ರೆ ನನ್ನ ಪ್ರಮಾಣಕ್ಕೂ ಬೆಲೆ ಇಲ್ಲ, ಕೆಲಸಾನೂ ಇಲ್ಲ."

ಹೀಗೆ ಆ ಒಳ್ಳೆಯ ಮನುಷ್ಯನನ್ನು ನಾವಿಬ್ಬರೂ ಸೇರಿ ಕಣ್ಣು ಕಟ್ಟಿ ಕೋರ್ಟಿಗೆ ಕರೆದುಕೊಂಡು ಹೋದೆವು.

ಸಾಕ್ಷಿಯ ದಿನ ನೂರ್ ಬೀ ನನ್ನ ಸೀರೆಯ ನೆರಿಗೆ ಸರಿಮಾಡಿ, "ಇವತ್ತಾದ್ರೂ ಹಲ್ಲು ತೋರ್ಸು" ಎಂದು ಕಳಿಸಿದರು. ಕಟಕಟೆಯಲ್ಲಿ ನಿಂತು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದೆ. ಜಡ್ಜರು "ಸ್ವಲ್ಪ ಜೋರಾಗಿ ಹೇಳಿ ತಾಯಿ" ಎಂದರು. ಪುಟ್ಟಮಾದಯ್ಯನವರು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಹೇಳಿದೆ. ಅವರ ಮುಖ ಸ್ವಲ್ಪ ಅರಳಿದ್ದೂ ಕಂಡಿತು. ಆಮೇಲೆ ಕಾರ್ಖಾನೆಯ ಲಾಯರು ಎದ್ದರು. ಸಣ್ಣ ವಯಸ್ಸು, ಮೆದು ಮಾತು.

"ಅಮ್ಮಾ, ನೀವು ಓದು ಬಲ್ಲವರು. ಕವರ್ ಮೇಲೆ ಫ್ಯಾಕ್ಟರಿ ಹೆಸರು ಓದಿದ್ರಿ ಅಲ್ವಾ?"

"ಓದ್ದೆ."

"ಇದಕ್ಕೆ ಮುಂಚೆ ಯಾರದಾದ್ರೂ ಕಾಗದಾನ ಹಿಂಗೆ ವಾಪಸ್ ಕಳಿಸಿದ್ರಾ?"

"ಇಲ್ಲ."

"ಹಂಗಾದ್ರೆ ಇದೊಂದನ್ನ ಯಾಕಮ್ಮಾ? ತಗೋಬೇಡಿ ಅಂತ ಯಾರಾದ್ರೂ ಹೇಳಿದ್ರಾ?"

ತಾತನ ಕಡೆ ನೋಡಿದೆ. ಅವರು ಇಸ್ತ್ರಿ ಅಂಗಿಯಲ್ಲಿ ನೆಲ ನೋಡುತ್ತಾ ಕೂತಿದ್ದರು. ಯಾರೂ ಹೇಳಲಿಲ್ಲ ಎಂದರೆ ಮುಗಿಯುತ್ತಿತ್ತು. ಎರಡು ಮಾತು. ಸ್ವಲ್ಪ ಹೊತ್ತಿಗೆ ಮುಂಚೆ ದೇವರ ಹೆಸರು ಹೇಳಿದ್ದೆ. ನಾಲಗೆ ತಿರುಗಲಿಲ್ಲ.

"ನಮ್ಮ ಯಜಮಾನ್ರು" ಎಂದೆ.

ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಟೈಪು ಮಾಡುತ್ತಿದ್ದ ಹುಡುಗಿಯೂ ತಲೆ ಎತ್ತಿ ನೋಡಿದಳು. ಪುಟ್ಟಮಾದಯ್ಯನವರು ನಿಧಾನವಾಗಿ ಕೂತರು. ಹೊರಗೆ ಬಂದ ಮೇಲೆ ಮರದ ಕೆಳಗೆ ನಿಂತು, "ಇದನ್ನ ನನಗೊಂದು ಮಾತು..." ಎಂದವರು ನಿಲ್ಲಿಸಿದರು. ತಾತನ ಮುಖ ನೋಡಿದರು. "ಹೋಗ್ಲಿ ಬಿಡಿ. ಬಿಸಿಲಿದೆ, ಎಳನೀರು ಕುಡಿದು ಹೋಗಿ" ಎಂದು ತಾವೇ ಹೇಳಿ ಕೊಡಿಸಿದರು. ಅಂಥ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವಂತೆ. ನಮ್ಮದು ಬೇಗ ಮುಗಿಯಿತು. ಮತ್ತೊಂದು ಆಷಾಢ ಬರುವಷ್ಟರಲ್ಲಿ ಅರ್ಜಿ ವಜಾ ಆಯಿತು. ಹೈಕೋರ್ಟಿಗೆ ಹೋಗಬಹುದು ಎಂದು ಲಾಯರು ಹೇಳಿದರು. ತಾತ ಸಾಕು ಸಾರ್ ಎಂದರು.

ತೀರ್ಪಿನ ದಿನ ಮನೆಗೆ ಬರುವ ದಾರಿಯಲ್ಲಿ ತಾತ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ರವಿ ಕೇಳ್ತಾನೆ. ಲಾಯರ್ ಸರಿಯಾಗಿ ನಡೆಸ್ನಿಲ್ಲ ಅಂತ ಹೇಳ್ಬುಡ್ತೀನಿ. ನೀನು ಬಾಯಿ ಬುಡ್ಬೇಡ."

"ಪಾಪ, ಅವರೇನು ಮಾಡಿದ್ರು?"

"ಅವರು ನೂರು ಕೇಸು ನೋಡ್ದೋರು, ಒಂದು ಮಾತು ತಡ್ಕೋತಾರೆ. ನಿಂಗಿರೋನು ಒಬ್ನೇ ಮಗ. ನಮ್ಮವ್ವನಿಂದ ಹಿಂಗಾಯ್ತು ಅಂತ ಅವನು ಒಂದು ದಿನ ಅಂದ್ರೂ ನೀನು ತಡ್ಕೊಳಲ್ಲ ಕಣೆ."

ಫೀಸು ಕಟ್ಟಲಾಗದೆ ನಿಮ್ಮಪ್ಪ ಕೊನೆಯ ವರ್ಷದಲ್ಲಿ ಪಾಲಿಟೆಕ್ನಿಕ್ಕು ಬಿಟ್ಟು ಗೂಡ್ಸ್ ಆಟೋ ಓಡಿಸಲು ಹೋದ. ಅವನ ಸಿಟ್ಟು ಸುಳ್ಳಲ್ಲ. ಅದು ಹೋಗಿ ತಾಗಿದ ಜಾಗ ಮಾತ್ರ ತಪ್ಪು. ಒಂದು ಶನಿವಾರ ನಾನು ಕಾಗದ ಮಡಚುತ್ತಿದ್ದಾಗ ಅವನು ನನ್ನನ್ನು ನೋಡದೆ ಮೆಟ್ಟಿಲು ಹತ್ತಿ ಹೋದ. ಮೇಲಿನಿಂದ ಅವನ ಕೂಗು ಬೀದಿಗೆಲ್ಲ ಕೇಳಿಸಿತು. "ಫ್ಯಾಕ್ಟರಿಯೋರ ಹತ್ರ ಎಷ್ಟು ಈಸ್ಕೊಂಡ್ರಿ ಹೇಳ್ರೀ! ನಮ್ಮಪ್ಪನ್ನ ಮುಳುಗಿಸಿದ್ರಲ್ರೀ!" ಕಕ್ಷಿದಾರರು ಕಾದು ಕೂತಿದ್ದರು, ಅವರೆದುರಿಗೇ. ಪುಟ್ಟಮಾದಯ್ಯನವರು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ನಿಮ್ಮ ತಾಯಿಯನ್ನು ಕೇಳಪ್ಪ ಎಂದು. ಹೇಳಲಿಲ್ಲ.

ರವಿ ಇಳಿದು ಹೋದ ಮೇಲೆ ಅವರೂ ಇಳಿದು ಬಂದರು. ನಾನು ಹಾಳೆಯ ಮೇಲೆ ಬಗ್ಗಿದ್ದೆ. ನನ್ನ ಮುಂದೆ ಒಂದು ಕ್ಷಣ ನಿಂತರು. "ಊಟ ಆಯ್ತೇನಮ್ಮಾ?" ಎಂದರು. ನಾನು ತಲೆ ಎತ್ತಲಿಲ್ಲ. ಬೀದಿಗೆ ಹೋದರು. ಮುಂದಿನ ವಾರದಿಂದ ನಾನು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆ. ನಮ್ಮ ನೆಂಟರಲ್ಲಿ ಕೆಲವರು ಲಾಯರ ಜಾತಿ ಎತ್ತಿ, ಅಂಥವರ ಹತ್ತಿರ ಯಾಕೆ ಹೋದಿರಿ ಎಂದೂ ಆಡಿದರು. ಅದನ್ನೂ ಕೇಳಿಕೊಂಡೆ.

ತಾತ ಮೂಟೆ ಇಳಿಸುವುದಕ್ಕೂ ಆಗದೆ ಒಂದು ಕಲ್ಯಾಣಮಂಟಪದಲ್ಲಿ ಕಾವಲಿಗೆ ಸೇರಿದರು. ಎರಡು ವರ್ಷಕ್ಕೆ ಹೃದಯ ನಿಂತಿತು. ಆ ಎರಡು ವರ್ಷದಲ್ಲಿ ಒಂದು ದಿನವೂ ಕವರಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ತಾತನನ್ನು ಪಡಸಾಲೆಯಲ್ಲಿ ಮಲಗಿಸಿದ್ದಾಗ ಪುಟ್ಟಮಾದಯ್ಯನವರು ಬಂದರು. ಯಾರು ತಿಳಿಸಿದರೋ, ಸಾವಿತ್ರಿಯೇ ಇರಬೇಕು. ಕೈಯಲ್ಲಿ ಸೇವಂತಿಗೆ ಹಾರ. ಏದುಸಿರು ಬಿಡುತ್ತಿದ್ದರು. ರವಿ ಗೇಟಿನಲ್ಲೇ ಅಡ್ಡ ನಿಂತ. "ನೀವ್ಯಾಕೆ ಬಂದ್ರಿ? ಉಳಿದಿದ್ದು ಏನಾದ್ರೂ ಐತಾ ತಗೊಂಡೋಗೋಕೆ?" ಎಂದ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ತೆರೆದ ಬಾಗಿಲಿನಿಂದ ನನಗೆ ಅವರ ಮುಖ ಕಾಣುತ್ತಿತ್ತು, ಅವರಿಗೆ ನನ್ನ ಮುಖವೂ. ಬಿಡು ಮಗಾ, ಒಳಗೆ ಬರಲಿ ಎಂದು ಹೇಳಬೇಕಿತ್ತು. ಗಂಡನ ತಲೆಯ ಹತ್ತಿರ ಕೂತಿದ್ದ ನನ್ನ ಮಾತನ್ನು ಆ ಹೊತ್ತಿನಲ್ಲಿ ಯಾರೂ ಮೀರುತ್ತಿರಲಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನೋಡಿದವರು ಅಳುತ್ತಿದ್ದಾಳೆ ಎಂದುಕೊಂಡರು.

ಅವರು ಬೀದಿಯಲ್ಲೇ ಚಪ್ಪಲಿ ಬಿಟ್ಟು, ಒಳಗಿದ್ದ ತಾತನ ಕಡೆ ತಿರುಗಿ ಕೈಮುಗಿದರು. ಹಾರವನ್ನು ಗೇಟಿನ ಕಂಬಿಗೆ ಹಾಕಿ ಹೊರಟರು. ತಾತನನ್ನು ಹೊರಗೆ ಎತ್ತುವಾಗ ಯಾರದೋ ಭುಜ ತಾಗಿ ಅದು ಕೆಳಗೆ ಬಿತ್ತು.

ಸಿಂಚನಾ, ನಿನ್ನ ಪುಸ್ತಕ ಮೂಸಿದ ಮಾರನೆಯ ವಾರ ಕನ್ನಡಕದ ಕಾಲು ಸರಿಮಾಡಿಸುತ್ತೇನೆ ಎಂದು ಹೇಳಿ ಹೋದೆನಲ್ಲ, ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಲಷ್ಕರ್ ಮೊಹಲ್ಲಾಕ್ಕೆ ಹೋಗಿದ್ದೆ. ಬೈಂಡಿಂಗ್ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಮೆಟ್ಟಿಲು ಹತ್ತಿದೆ. ಹೇಳಬೇಕಾದದ್ದನ್ನು ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು, ಕರಿ ಕೋಟು ಕುರ್ಚಿಗೆ ಹಾಕಿತ್ತು.

"ಸರ್ ತೀರ್ಕೊಂಡು ವರ್ಷದ ಮೇಲಾಯ್ತು ಅಮ್ಮಾ. ನಾನು ಅವರ ಜೂನಿಯರ್. ಏನಾಗ್ಬೇಕಿತ್ತು?"

"ಅವರಿಗೆ ಒಂದು ಮಾತು ಹೇಳ್ಬೇಕಿತ್ತು" ಎಂದೆ.

"ನನಗೆ ಹೇಳಿ."

ಹೇಳಿದೆ. ಕೂತುಕೊಂಡು, ಮೊದಲಿಂದ ಕೊನೆಯವರೆಗೆ. ಅವಳು ಬರೆದುಕೊಳ್ಳಲು ಪೆನ್ನು ತೆಗೆದವಳು ಹಾಗೇ ಹಿಡಿದುಕೊಂಡು ಕೇಳಿದಳು. ಕೊನೆಗೆ, "ಸರ್ ಈ ಕೇಸಿನ ಬಗ್ಗೆ ಒಂದೇ ಮಾತು ಹೇಳೋರು. ಆ ಹೆಂಗಸು ಕಟಕಟೇಲಿ ನಿಜ ಹೇಳಿದ್ಲು ಅನ್ನೋರು" ಎಂದಳು.

ಬಸ್ಸಿನಲ್ಲಿ ಕೂತು ಬಹಳ ಅತ್ತೆ. ಕಟಕಟೆಯಲ್ಲಿ ಒಂದು ಸಲ ನಿಜ ಹೇಳಿದವಳು ಮನೆಯಲ್ಲಿ ಇಷ್ಟು ವರ್ಷ ಹೇಳಲಿಲ್ಲ. ಅವರ ಕಾಲು ಹಿಡಿಯೋಣವೆಂದರೆ ಅವರಿಲ್ಲ. ಹೇಳಬೇಡ ಎಂದ ನಿಮ್ಮ ತಾತನೂ ಇಲ್ಲ. ಉಳಿದವನು ನಿಮ್ಮಪ್ಪ. ತಾತ ಹೆದರಿದಂತೆ ಅವನು ನನಗೆ ಏನಾದರೂ ಅನ್ನಬಹುದು. ಅಂದರೆ ಅದು ನನ್ನ ಪಾಲಿನದು, ಇಷ್ಟು ದಿನ ಇನ್ನೊಬ್ಬರು ಹೊತ್ತಿದ್ದರು.

ನಿಮಗೆಂದು ಬರೆದದ್ದನ್ನು ನಿಮಗಿಂತ ಮೊದಲು ಅವನು ಓದಬೇಕು. ನಾಳೆ ಭಾನುವಾರ, ಅವನು ಗಾಡಿ ತೆಗೆಯುವುದಿಲ್ಲ. ತಿಂಡಿಯಾದ ಮೇಲೆ ಕೈಗೆ ಕೊಡುತ್ತೇನೆ.